ಕಡಲಾಚೆಯ ದುಡಿಮೆ, ಈಚೆಯ ಹೊಣೆ

(ಶತಮಾನೋತ್ಸವದ ಅಂಗವಾಗಿ ಜರಗಿದ ಪರವೂರ ದುಡಿಮೆಗಾರರ ಕೂಟದಲ್ಲಿ ಮಾಡಿದ ಭಾಷಣ)



ನೂರು ವರ್ಷಗಳ ಕೆಳಗೆ ನಮ್ಮ ಹಿರಿಯರು ಮುಳಿಹುಲ್ಲು ಹೊದೆಸಿ ಕಟ್ಟಿದ ಈ ದೇವಾಲಯಕ್ಕೆ ಇಂದು ಹೊಸ ಗಂಟೆಗೋಪುರ ಬಂದಿದೆ. ಅದರ ಕಲ್ಲುಗಳಲ್ಲಿ ಕಡಲಾಚೆಯ ದುಡಿಮೆಯ ಪಾಲು ಎಷ್ಟೆಂಬುದು ದಾನಿಗಳ ಫಲಕವನ್ನು ಓದಿದವರಿಗೆಲ್ಲ ತಿಳಿದಿದೆ. ಆ ದುಡಿಮೆಯ ಕುರಿತು ನಾಲ್ಕು ಮಾತು ಆಡಬೇಕೆಂದು ಗುರುಗಳ ಅಪ್ಪಣೆಯಾಗಿದೆ. ನಾನು ಪಂಡಿತನಲ್ಲ, ವಿದ್ಯುತ್ ಕೆಲಸಗಾರ. ಕಂಡುಂಡದ್ದನ್ನಷ್ಟೇ ಅರಿಕೆ ಮಾಡುತ್ತೇನೆ.

ವಲಸೆ ನಮಗೆ ಹೊಸದಲ್ಲ. ನಮ್ಮಲ್ಲಿ ಹೆಚ್ಚಿನವರ ಪೂರ್ವಜರು ಗೋವೆಯಿಂದ ತೆಂಕಣಕ್ಕೆ ಬಂದು ಇಲ್ಲಿ ನೆಲೆನಿಂತವರು. 1784ರಲ್ಲಿ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದವರಲ್ಲಿ ಬದುಕುಳಿದವರು 1799ರ ಬಳಿಕ ಮರಳಿ ಬಂದು ಮತ್ತೊಮ್ಮೆ ಒಲೆ ಹೂಡಿದರು. ಅನಂತರದ ತಲೆಮಾರುಗಳು ಮುಂಬಯಿಗೂ ಪೂರ್ವ ಆಫ್ರಿಕಕ್ಕೂ ಹೋದವು. 1973ರಲ್ಲಿ ತೈಲದ ಬೆಲೆ ಏರಿದ ಮೇಲೆ ಕೊಲ್ಲಿ ರಾಷ್ಟ್ರಗಳಲ್ಲಿ ರಸ್ತೆ, ಬಂದರು, ಆಸ್ಪತ್ರೆಗಳ ನಿರ್ಮಾಣ ಭರದಿಂದ ಸಾಗಿತು. ನಮ್ಮ ಮನೆಮನೆಯ ಹುಡುಗರು ಆ ಕಡೆಗೆ ಮುಖ ಮಾಡಿದರು.

1976ರಲ್ಲಿ ನಾನೂ ಹೊರಟೆ. ಅಮ್ಮನ ಬಳೆಗಳನ್ನು ಅಡವಿಟ್ಟು ಏಜೆಂಟನಿಗೆ ಹಣ ಕೊಟ್ಟದ್ದಾಯಿತು. ಮುಂಬಯಿಯ ಮಝಗಾಂವಿನಲ್ಲಿ ಊರವರ ಕೋಣೆಯೊಂದರಲ್ಲಿ ಎರಡು ತಿಂಗಳು ಕಾದು, 1982ರವರೆಗೆ ಓಡುತ್ತಿದ್ದ ‘ದ್ವಾರಕಾ’ ಹಡಗನ್ನೇರಿ ಕುವೈತನ್ನು ಸೇರಿದೆ. ವಿದ್ಯುತ್ ಕೆಲಸವೆಂದು ಕರೆದೊಯ್ದವರು ಸಿಮೆಂಟು ಮೂಟೆ ಹೊರಿಸಿದರು. ನಾನು ರುಜು ಹಾಕಿದ ಕರಾರು ನನಗೆ ಓದಲು ಬಾರದ ಭಾಷೆಯಲ್ಲಿದ್ದಿತು. ಪಾಸ್‌ಪೋರ್ಟ್ ಧಣಿಯ ಕಪಾಟಿನಲ್ಲಿದ್ದಿತು. 1979ರಲ್ಲಿ ಅಪ್ಪನಿಗೆ ಕಾಯಿಲೆ ಹೆಚ್ಚಾಯಿತೆಂದು ತಂತಿ ಬಂದಾಗ ರಜೆ ಬೇಡಿದೆ. ‘ಈ ಕೆಲಸ ಮುಗಿಯಲಿ’ ಎಂಬ ಉತ್ತರ ಸಿಕ್ಕಿತು. ಎರಡನೆಯ ತಂತಿ ಬಂದ ರಾತ್ರಿ ನನ್ನ ಬಳಿ ಕುಳಿತು ಪ್ರಾರ್ಥಿಸಿದವರು ಮಲಪ್ಪುರಂನ ಒಬ್ಬ ಮುಸಲ್ಮಾನ ಬಂಧು ಮತ್ತು ಈಜಿಪ್ಟಿನ ಒಬ್ಬ ಮೇಸ್ತ್ರಿ.

ಅದೇ ಮೇಸ್ತ್ರಿ ನನಗೆ ಅರಬ್ಬಿ ಕಲಿಸಿದನು. ಭಾಷೆ ಬಂದ ಬಳಿಕ ಅನ್ಯದೇಶದ ಅರ್ಧ ಭಯ ಹೋಯಿತು. ಉಳಿದರ್ಧ ಭಯವನ್ನು ಪವಿತ್ರ ಕುಟುಂಬ ದೇವಾಲಯ ಕಳೆಯಿತು. ಶುಕ್ರವಾರ ಅಲ್ಲಿ ವಾರದ ರಜೆ. ಅಂದು ಬಲಿಪೂಜೆಗೆ ಹತ್ತಾರು ಭಾಷೆಗಳ ಜನ ಒಂದೇ ಪೀಠದ ಮುಂದೆ ಮೊಣಕಾಲೂರುತ್ತಿದ್ದರು. ಹೇರೋದನಿಗೆ ಅಂಜಿ ಮಗುವಿನೊಂದಿಗೆ ಈಜಿಪ್ಟಿಗೆ ಓಡಿದ ಕುಟುಂಬದ ಹೆಸರನ್ನೇ ಆ ದೇವಾಲಯಕ್ಕೆ ಇಟ್ಟವರ ವಿವೇಕಕ್ಕೆ ನಾನು ಅನೇಕ ಸಲ ಕೈಮುಗಿದಿದ್ದೇನೆ.

ನಷ್ಟವನ್ನೂ ಹೇಳಬೇಕು. ಅಂದು ನಾವು ಕಾಗದದ ಜೊತೆಗೆ ಧ್ವನಿ ತುಂಬಿದ ಕ್ಯಾಸೆಟ್ಟುಗಳನ್ನು ಕಳುಹಿಸುತ್ತಿದ್ದೆವು. ನನ್ನ ಮಗಳು ಟೇಪ್ ರೆಕಾರ್ಡರನ್ನೇ ಅಪ್ಪನೆಂದು ಕರೆಯುತ್ತಿದ್ದಳು. ರಜೆಯಲ್ಲಿ ನಾನು ಬಂದಾಗ ಅಜ್ಜಿಯ ಸೆರಗಿನ ಹಿಂದೆ ಅಡಗಿದಳು. 1990ರ ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತಿಗೆ ನುಗ್ಗಿದಾಗ ಹದಿನಾಲ್ಕು ವರ್ಷಗಳ ಗಳಿಕೆ ಅಲ್ಲಿಯೇ ಉಳಿಯಿತು. ಜೋರ್ಡಾನಿನ ಗುಡಾರಗಳಲ್ಲಿ ದಿನ ಕಳೆದು, ಅಮ್ಮಾನಿನಿಂದ ವಿಮಾನಗಳಲ್ಲಿ ಮರಳಿದ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರಲ್ಲಿ ನಾನೂ ಒಬ್ಬ.

ಈಗ ಹೊರಡುವ ಯುವಜನರಿಗೆ ನನ್ನ ಬಿನ್ನಹವಿಷ್ಟೇ. ನೇಮಕಾತಿ ಏಜೆಂಟರು ಸರಕಾರದಲ್ಲಿ ನೋಂದಾಯಿಸಿಕೊಳ್ಳಬೇಕೆಂದು 1983ರ ವಲಸೆ ಕಾಯ್ದೆ ವಿಧಿಸಿತು. ನೋಂದಣಿ ಕೇಳದೆ ಹಣ ಕೊಡಬೇಡಿ. ಅರ್ಥವಾಗದ ಕರಾರಿಗೆ ರುಜು ಹಾಕಬೇಡಿ. ಪಾಸ್‌ಪೋರ್ಟಿನ ಪ್ರತಿಯನ್ನು ಮನೆಯಲ್ಲಿ ಬಿಟ್ಟು ಹೋಗಿ. ಹೋದ ನಾಡಿನ ಭಾಷೆ ಕಲಿಯಿರಿ. ಕಳುಹಿಸಿದ ಹಣದಿಂದ ಮನೆ ದೊಡ್ಡದಾದೀತು. ಆ ಮನೆಯಲ್ಲಿ ವೃದ್ಧ ತಂದೆತಾಯಿಗಳಿಬ್ಬರೇ ಉಳಿದಿದ್ದಾರೆಂಬುದನ್ನು ಮರೆಯಬೇಡಿ.

ಇನ್ನು ಊರಲ್ಲಿರುವ ನಮಗೊಂದು ಮಾತು. ಅದನ್ನು ನನ್ನ ತಪ್ಪಿನಿಂದಲೇ ಆರಂಭಿಸುತ್ತೇನೆ. ಹೋದ ವರ್ಷ ನನ್ನ ಅಡಿಕೆ ತೋಟಕ್ಕೆ ಜಾರ್ಖಂಡಿನಿಂದ ಒಬ್ಬ ಹುಡುಗ ಕೆಲಸಕ್ಕೆ ಬಂದನು. ಮುಂಗಡ ಹಣ ಪಡೆದು ಓಡಿಹೋಗದಿರಲೆಂದು ಅವನ ಆಧಾರ್ ಕಾರ್ಡನ್ನು ನಾನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಒಂದು ಸಂಜೆ, ತಂದೆಗೆ ಕಾಯಿಲೆ, ಹೋಗಬೇಕು ಎಂದನು. ‘ಅಡಿಕೆ ಕೊಯ್ಲು ಮುಗಿಯಲಿ’ ಎಂದೆ. ಅಂದು ರಾತ್ರಿ ಜಪಮಾಲೆ ಹಿಡಿದು ಕುಳಿತಾಗ ನಾನಾಡಿದ ಮಾತು ನನ್ನದಲ್ಲ, 1979ರ ಆ ಧಣಿಯದೆಂದು ಹೊಳೆಯಿತು. ಜಪ ಮುಂದೆ ಸಾಗಲಿಲ್ಲ. ಎದ್ದು ಕಪಾಟು ತೆರೆದು, ಕಾರ್ಡನ್ನೂ ಸಂಬಳವನ್ನೂ ಅವನ ಕೈಯಲ್ಲಿಟ್ಟು, ಬೆಳಿಗ್ಗೆ ರೈಲು ಹತ್ತಿಸಿದೆ. ಅವನು ಮುಟ್ಟುವಾಗ ತಂದೆಗೆ ಮಾತು ನಿಂತಿತ್ತು. ಆದರೆ ಮಗನ ಕೈ ಹಿಡಿಯುವಷ್ಟು ಜೀವವಿತ್ತಂತೆ.

ಬಾಂಧವರೇ, ನಾವು ನೋಡಿ ಸಂತೋಷಪಡುತ್ತಿರುವ ಈ ಗೋಪುರಕ್ಕೆ ಕಲ್ಲು ಹೊತ್ತವರೂ ಅಂಥ ಹುಡುಗರೇ. ಅವರಲ್ಲಿ ಕೆಲವರು ನಮ್ಮದೇ ವಿಶ್ವಾಸದವರು. ಭಾನುವಾರ ಹಿಂದಿನ ಸಾಲಿನಲ್ಲಿ ನಿಂತು, ಯಾರೂ ಮಾತನಾಡಿಸದೆ ಮರಳುತ್ತಾರೆ. ಪರದೇಶಿಯನ್ನು ಸೇರಿಸಿಕೊಂಡಿರಾ ಎಂದು ಕಡೆಯ ದಿನ ಪ್ರಭು ಕೇಳುವಾಗ, ಕುವೈತಿನಲ್ಲಿ ನಾವು ಪಟ್ಟ ಕಷ್ಟ ಉತ್ತರವಾಗಲಾರದು.

ಮಾತೆ ಮರಿಯಳ ಜನ್ಮದಿನದ ತೆನೆಹಬ್ಬದಂದು ನಮ್ಮ ತಾಯಂದಿರು ಆಶೀರ್ವದಿಸಿದ ಹೊಸ ಭತ್ತದ ಕಾಳುಗಳನ್ನು ಕಾಗದದಲ್ಲಿ ಮಡಚಿ ಕಡಲಾಚೆಗೆ ಅಂಚೆಯಲ್ಲಿ ಕಳುಹಿಸುತ್ತಿದ್ದರು. ಊಟಕ್ಕೆ ಕುಳಿತವರನ್ನು ಮಾತ್ರವಲ್ಲ, ದೂರವಿದ್ದವರನ್ನೂ ಎಣಿಸುವ ಪದ್ಧತಿ ಅದು. ಈ ಶತಮಾನೋತ್ಸವ ವರ್ಷದ ಸೆಪ್ಟೆಂಬರ್ 8ರಂದು ತೆನೆ ಹಂಚುವಾಗ, ಮನೆಯಿಂದ ದೂರವಾಗಿ ನಮ್ಮ ನಡುವೆ ಬಾಳುತ್ತಿರುವವರನ್ನೂ ಎಣಿಸೋಣ. ಅವರಲ್ಲಿ ಒಬ್ಬೊಬ್ಬರನ್ನು ಒಂದೊಂದು ಮನೆ ಅಂದು ಹೊಸ ಅಕ್ಕಿಯ ಊಟಕ್ಕೆ ಕರೆಯಲಿ. ಮೊದಲ ಎಲೆಯನ್ನು ನನ್ನ ಮನೆಯಲ್ಲಿ ಹಾಕುವೆನೆಂದು ಈ ಸಭೆಯ ಮುಂದೆ ಮಾತು ಕೊಟ್ಟು, ನನ್ನ ಭಾಷಣವನ್ನು ಮುಗಿಸುತ್ತೇನೆ.