ಕಾಣದ ಕೇಳುಗನಿಗಾಗಿ ಹಾಡು



ಮನುಷ್ಯನಿಗೆ ನಂಬಿಕೆ ಎಲ್ಲಿಂದ ಬರುತ್ತದೆ? ಪುಸ್ತಕದಿಂದಲೇ? ಹಿರಿಯರ ಉಪದೇಶದಿಂದಲೇ? ಅವುಗಳಿಂದಲೂ ಬರಬಹುದು. ಆದರೆ ಹತ್ತು ಜನರೊಡನೆ ಕೂಡಿ ದುಡಿಯುವಾಗ ಹುಟ್ಟುವ ನಂಬಿಕೆಯ ಬಲವೇ ಬೇರೆ. ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ಇಲ್ಲಿನ ರೈತರು ತಾವೇ ಹಣ ಕೂಡಿಸಿ, ತಾವೇ ಶ್ರಮದಾನ ಮಾಡಿ, 1989ರಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿ ನಿಲ್ಲಿಸಿದರು. ಅದಕ್ಕೆ ‘ಶ್ರಮಬಿಂದು ಸಾಗರ’ ಎಂದು ಹೆಸರಾಯಿತು. ‘ನಮ್ಮಿಂದ ಆಗುತ್ತದೆ’ ಎಂಬ ಧೈರ್ಯ ಅವರಿಗೆ ಬಂದದ್ದು ಭಾಷಣ ಕೇಳಿ ಅಲ್ಲ, ಕೈಜೋಡಿಸಿದ್ದರಿಂದ.

ಕೂಡಿ ಹಾಡುವುದೂ ಇಂಥದೇ ಒಂದು ಕೆಲಸ. ಪಕ್ಕದವರ ದನಿಯನ್ನು ಕೇಳಿಸಿಕೊಂಡು ನಮ್ಮ ದನಿಯನ್ನು ಹೊಂದಿಸಬೇಕು. ಅದಕ್ಕೇ ನಮ್ಮ ಭಜನಾ ಮೇಳಗಳಲ್ಲಿ, ಕ್ರೈಸ್ತರ ಯುವ ಶಿಬಿರಗಳಲ್ಲಿ, ಸೇವಾದಳದ ಶಿಬಿರಗಳಲ್ಲಿ ಹಾಡಿಗೆ ಮೊದಲ ಸ್ಥಾನ. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಶಿಬಿರದ ಕೊನೆಯ ರಾತ್ರಿ ಎಲ್ಲರೂ ಕೂಡಿ ಹಾಡುವಾಗ ಉಕ್ಕುವ ಭಾವ, ಮನೆಗೆ ಬಂದ ಎಂಟು ದಿನಕ್ಕೆ ಎಲ್ಲಿ ಹೋಗುತ್ತದೆ? ಉಳಿಯುವುದು ಯಾವುದು, ಆರಿ ಹೋಗುವುದು ಯಾವುದು? ಇದಕ್ಕೆ ಉತ್ತರ ಹುಡುಕಲು ರೇಡಿಯೋ ಜಗತ್ತಿನ ಇಬ್ಬರ ಬದುಕನ್ನು ನೋಡೋಣ.

ಮೊದಲನೆಯವರು ಅಮೆರಿಕದ ಕ್ಲಾರೆನ್ಸ್ ಜೋನ್ಸ್. 1900ರಲ್ಲಿ ಹುಟ್ಟಿದವರು. ಅವರ ಮನೆಯವರು ‘ಸಾಲ್ವೇಶನ್ ಆರ್ಮಿ’ ಎಂಬ ಕ್ರೈಸ್ತ ಸೇವಾ ಸಂಸ್ಥೆಗೆ ಸೇರಿದವರು. ಬೀದಿ ಬೀದಿಯಲ್ಲಿ ವಾದ್ಯಮೇಳ ನುಡಿಸಿ ಜನರನ್ನು ಸೇರಿಸುವುದು ಆ ಸಂಸ್ಥೆಯ ರೂಢಿ. ಹುಡುಗ ಕ್ಲಾರೆನ್ಸ್ ಅಲ್ಲಿ ಟ್ರಾಂಬೋನ್ ಎಂಬ ಹಿತ್ತಾಳೆಯ ಊದುವ ವಾದ್ಯ ಕಲಿತರು. ಮುಂದೆ ಶಿಕಾಗೋದ ಒಂದು ಪ್ರಾರ್ಥನಾ ಮಂದಿರದಲ್ಲಿ ಯುವಕರ ಜೊತೆ, ಸಂಗೀತದ ಜೊತೆ ಬೆಳೆದು, ರೇಡಿಯೋ ಕಾರ್ಯಕ್ರಮಗಳಲ್ಲಿ ಪಳಗಿದರು. ಕೊನೆಗೆ ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶಕ್ಕೆ ಹೋಗಿ, 1931ರ ಡಿಸೆಂಬರ್ 25ರಂದು ಕೀಟೋ ನಗರದಿಂದ ಸಂಗಡಿಗರೊಡನೆ ಪ್ರಸಾರ ಆರಂಭಿಸಿದರು. ಆ ಪ್ರೇಷಕ ಯಂತ್ರದ ಶಕ್ತಿ ತೀರ ಕಡಿಮೆ. ಅಂದು ಆ ದೇಶದಲ್ಲಿದ್ದ ರೇಡಿಯೋ ಸೆಟ್ಟುಗಳು ಬೆರಳೆಣಿಕೆಯಷ್ಟು. ಚಪ್ಪಾಳೆ ತಟ್ಟುವವರಿಲ್ಲ, ಕೇಳುವವರು ಇದ್ದಾರೋ ಇಲ್ಲವೋ ಎಂಬ ಖಾತ್ರಿಯೂ ಇಲ್ಲ. ಆದರೂ ಅವರು ನಿಲ್ಲಿಸಲಿಲ್ಲ. ಮೇಳದ ನಡುವೆ ಮೊಳೆತ ಶ್ರದ್ಧೆ, ಒಂಟಿಯಾಗಿ ಮೈಕಿನ ಮುಂದೆ ನಿಂತಾಗಲೂ ಕೈಬಿಡಲಿಲ್ಲ.

ಎರಡನೆಯವರು ನಮ್ಮವರೇ, ಪಂಡಿತ ಮಲ್ಲಿಕಾರ್ಜುನ ಮನಸೂರ. 1910ರ ಡಿಸೆಂಬರ್ 31ರಂದು ಧಾರವಾಡದ ಹತ್ತಿರದ ಮನಸೂರಿನಲ್ಲಿ ಜನನ. ನಮ್ಮ ಕಡೆ ನಾಟಕ ಕಂಪನಿ ಒಂದು ಊರಿಗೆ ಬಂದು ತಂಗಿದರೆ ‘ಕಂಪನಿಯ ಕ್ಯಾಂಪು ಬಿದ್ದಿದೆ’ ಎನ್ನುತ್ತಾರಲ್ಲ, ಅಂಥ ಕ್ಯಾಂಪುಗಳೇ ಬಾಲಕ ಮಲ್ಲಿಕಾರ್ಜುನರ ಪಾಠಶಾಲೆ. ಎಳೆಯ ವಯಸ್ಸಿನಲ್ಲೇ ನಾಟಕ ಮಂಡಳಿ ಸೇರಿದ ಹುಡುಗನಿಗೆ ಅಪ್ಪಯ್ಯಸ್ವಾಮಿಗಳಿಂದ ಕರ್ನಾಟಕ ಸಂಗೀತದ ಪಾಠವಾಯಿತು. ಆಮೇಲೆ ಮಿರಜಿನ ನೀಲಕಂಠಬುವಾ ಗ್ವಾಲಿಯರ್ ಪರಂಪರೆಯ ಹಿಂದೂಸ್ತಾನಿ ಗಾಯನ ಕಲಿಸಿದರು. ಅದರ ಮೇಲೆ ಜೈಪುರ ಘರಾಣೆಯ ಉಸ್ತಾದ್ ಮಂಜಿ ಖಾನ್, ಅವರು 1937ರಲ್ಲಿ ತೀರಿಕೊಂಡ ಮೇಲೆ ಅವರ ತಮ್ಮ ಉಸ್ತಾದ್ ಭುರ್ಜಿ ಖಾನ್, ಗುರುಗಳಾದರು.

ಇಲ್ಲಿ ಒಂದು ಮಾತನ್ನು ಗಮನಿಸಿ. ಮನಸೂರರು ಶರಣರಲ್ಲಿ ಅಚಲ ನಿಷ್ಠೆಯುಳ್ಳವರು. ಧಾರವಾಡದ ಮುರುಘಾಮಠದ ಮೃತ್ಯುಂಜಯ ಸ್ವಾಮಿಗಳಲ್ಲಿ ಅವರಿಗೆ ಅಪಾರ ಭಕ್ತಿ. ಅವರು ವಚನಗಳನ್ನು ಹಾಡಿದರೆ ಕೇಳುವವರ ಕಣ್ಣು ಒದ್ದೆಯಾಗುತ್ತಿತ್ತು. ಆ ವಚನಗಳಿಗೆ ಜೀವ ತುಂಬಿದ ರಾಗವಿದ್ಯೆಯನ್ನು ಅವರಿಗೆ ಧಾರೆಯೆರೆದವರಲ್ಲಿ ಜಂಗಮರೂ ಇದ್ದರು, ಮುಸಲ್ಮಾನ ಉಸ್ತಾದರೂ ಇದ್ದರು. ಹೀಗೆ ಸಂಗೀತದ ದಾರಿಯಿಂದ ಅವರ ಶ್ರದ್ಧೆ ಆಳವಾಯಿತು. ಆದರೆ ಅದರ ಸುತ್ತ ಗೋಡೆ ಏಳಲಿಲ್ಲ. ಇಂಥ ಕೊಡುಕೊಳೆ ನಮ್ಮ ನಾಡಿಗೆ ಹೊಸದೂ ಅಲ್ಲ. 1894ರಲ್ಲಿ ಕನ್ನಡ ನಿಘಂಟನ್ನು ಕೊಟ್ಟ ಫರ್ಡಿನೆಂಡ್ ಕಿಟ್ಟೆಲ್ಲರು ಜರ್ಮನಿಯಿಂದ ಬಂದ ಪಾದ್ರಿ. 1862ರಷ್ಟು ಹಿಂದೆಯೇ ಅವರು ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿನಲ್ಲಿ ಹೆಣೆದು ‘ಕಥಾಮಾಲೆ’ ಎಂದು ಕರೆದರು. ಅವರನ್ನು ಕಳಿಸಿದ ಬಾಸೆಲ್ ಮಿಷನ್ನಿನ ಕೇಂದ್ರಗಳಲ್ಲಿ ನಮ್ಮ ಜಿಲ್ಲೆಯ ಗುಳೇದಗುಡ್ಡವೂ ಒಂದು.

ಮನಸೂರರ ಕಡೆಗೆ ಮರಳೋಣ. ಧಾರವಾಡದ ಆಕಾಶವಾಣಿ ಕೇಂದ್ರ 1950ರ ಜನವರಿ 8ರಂದು ಆರಂಭವಾಯಿತು. ಮುಂದೆ ಮನಸೂರರು ಅಲ್ಲಿ ಸಂಗೀತ ಸಲಹೆಗಾರರಾದರು. ರೇಡಿಯೋ ಸ್ಟುಡಿಯೋ ಹೇಗಿರುತ್ತದೆ ಗೊತ್ತೇ? ಮುಚ್ಚಿದ ಕೋಣೆ, ಸದ್ದು ಹೀರುವ ಗೋಡೆ, ಎದುರಿಗೆ ಒಂದು ಮೈಕು. ಕೆಂಪು ದೀಪ ಹತ್ತಿದರೆ ಹಾಡಬೇಕು. ಗಡಿಯಾರ ಹೇಳಿದಾಗ ಮುಗಿಸಬೇಕು. ‘ವಾಹ್ವಾ’ ಎನ್ನುವವರಿಲ್ಲ. ನಾಟಕದ ರಂಗದ ಮೇಲೆ ಬೆಳೆದ ಕಲಾವಿದನಿಗೆ ಇದು ದೊಡ್ಡ ಪರೀಕ್ಷೆ. ಹೊಗಳಿಕೆಗಾಗಿ ಹಾಡುವವನ ದನಿ ಅಲ್ಲಿ ಸೊರಗುತ್ತದೆ. ಕಾಣದ ಒಬ್ಬ ಕೇಳುಗ ಇದ್ದಾನೆ ಎಂದು ನಂಬಿ ಹಾಡುವವನ ದನಿ ತುಂಬಿ ಬರುತ್ತದೆ. ಪ್ರಾರ್ಥನೆಗೂ ಇದಕ್ಕೂ ಬಹಳ ದೂರವಿಲ್ಲ. 1992ರಲ್ಲಿ ಪದ್ಮವಿಭೂಷಣ ಬಂತು. ಅದೇ ವರ್ಷದ ಸೆಪ್ಟೆಂಬರ್ 12ರಂದು ಮನಸೂರರು ನಮ್ಮನ್ನಗಲಿದರು. ಸಲಹೆಗಾರನ ಹುದ್ದೆಗಿಂತ, ಪ್ರಶಸ್ತಿಗಳಿಗಿಂತ, ಅವರನ್ನು ದೊಡ್ಡವರನ್ನಾಗಿ ಮಾಡಿದ್ದು ನಿತ್ಯದ ರಿಯಾಜು.

ಈಗ ನಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತಲ್ಲವೇ? ಶಿಬಿರ, ಮೇಳ, ಕ್ಯಾಂಪು ಇವೆಲ್ಲ ದೀಪ ಹಚ್ಚುತ್ತವೆ. ಎಣ್ಣೆ ಹೊಯ್ಯುವ ಕೆಲಸ ಮಾತ್ರ ದಿನದಿನದ್ದು, ಅದನ್ನು ಯಾರೂ ನೋಡದಿರುವಾಗಲೂ ಮಾಡಬೇಕು. ಜೋನ್ಸರು ಮಾಡಿದರು, ಮನಸೂರರು ಮಾಡಿದರು. ಇಬ್ಬರ ದೇವರ ಹೆಸರು ಬೇರೆ, ವಾದ್ಯ ಬೇರೆ, ಭಾಷೆ ಬೇರೆ. ಅಭ್ಯಾಸದ ನಿಷ್ಠೆ ಮಾತ್ರ ಒಂದೇ.

ಇಂದು ಜಗತ್ತಿನ ಹಾಡೆಲ್ಲ ನಿಮ್ಮ ಅಂಗೈಯ ಮೊಬೈಲಿನಲ್ಲಿದೆ. ಕೇಳುವುದು ಸುಲಭವಾಗಿದೆ, ಆದರೆ ಕೂಡಿ ಹಾಡುವ ರೂಢಿ ನಮ್ಮ ಮನೆಗಳಲ್ಲಿ, ಶಾಲೆಗಳಲ್ಲಿ ತಗ್ಗುತ್ತಿದೆ. ಮುಂದಿನ ಎನ್.ಎಸ್.ಎಸ್. ಶಿಬಿರಕ್ಕೆ ಹೋದಾಗ ಬರೀ ಕೇಳುತ್ತ ಕೂಡಬೇಡಿ, ದನಿಗೂಡಿಸಿ. ಅಲ್ಲಿ ಕಲಿತ ಒಂದು ಹಾಡನ್ನು, ಅದು ವಚನವಾಗಲಿ, ಕ್ರಿಸ್ತಗೀತೆಯಾಗಲಿ, ತತ್ವಪದವಾಗಲಿ, ಮನೆಗೆ ತನ್ನಿ. ಒಂದು ವರ್ಷ ದಿನವೂ ಹಾಡಿ. ಆಗಲೂ ಅದು ನಿಮ್ಮಲ್ಲಿ ಉಳಿದಿದ್ದರೆ ಅದು ನಿಮ್ಮದೇ ಆಯಿತೆಂದು ತಿಳಿಯಿರಿ.