ಸುತ್ತುನಾದದ ತಟ್ಟೆಗಳೂ ಮನೆಯ ಗಣಕಯಂತ್ರವೂ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಇಂಥ ಸಭೆಗಳಲ್ಲಿ ಸಾಹಿತ್ಯವನ್ನೋ ನೀತಿಯನ್ನೋ ಕುರಿತು ಮಾತನಾಡುವುದು ವಾಡಿಕೆ. ನಮ್ಮನ್ನು ಕರೆಯಲು ಬಂದ ಕಾರ್ಯದರ್ಶಿಗಳಿಗೆ, “ಈ ವರ್ಷವೆಲ್ಲ ನಾವು ಒಂದು ಪೆಟ್ಟಿಗೆ ತಟ್ಟೆಗಳೊಡನೆ ಹೆಣಗಿದ್ದೇವೆ, ಅದನ್ನು ಬಿಟ್ಟು ಬೇರೆ ವಿಷಯ ಸದ್ಯಕ್ಕೆ ತಲೆಯಲ್ಲಿಲ್ಲ” ಎಂದು ತಿಳಿಸಿದೆವು. “ಹಾಗಾದರೆ ಅದನ್ನೇ ಹೇಳಿರಿ” ಎಂದರು. ಆದುದರಿಂದ ಮುಂದಿನ ಅರ್ಧ ಗಂಟೆಯ ಹೊಣೆಯಲ್ಲಿ ಅವರಿಗೂ ಒಂದು ಪಾಲುಂಟು.

ಪೆಟ್ಟಿಗೆ ನಮ್ಮ ಅಣ್ಣನವರದು. ಅವರು ಬಹುಕಾಲ ಕೊಲ್ಲಿ ನಾಡಿನಲ್ಲಿ ದುಡಿದು ಊರಿಗೆ ಮರಳುವಾಗ ಅರುವತ್ತು ಚಿಲ್ಲರೆ ಸಂಗೀತದ ತಟ್ಟೆಗಳನ್ನೂ, ಅವನ್ನು ನುಡಿಸುವ ಒಂದು ಪ್ಲೇಯರನ್ನೂ, ಐದು ಸ್ಪೀಕರುಗಳನ್ನೂ ತಂದರು. ಅಡಿಕೆಯ ಕೆಲಸ ಮುಗಿದ ಮೇಲೆ ಸಂಜೆ ಚಾವಡಿಯ ನಡುವೆ ಕುರ್ಚಿ ಹಾಕಿಕೊಂಡು ಒಬ್ಬರೇ ಕೇಳುವುದು ಅವರ ರೂಢಿ. ಮೂರು ವರ್ಷಗಳ ಹಿಂದೆ ತೀರಿಕೊಂಡರು. ಆರು ತಿಂಗಳಲ್ಲಿ ಪ್ಲೇಯರೂ ಅವರ ದಾರಿಯನ್ನೇ ಹಿಡಿಯಿತು. ತಟ್ಟೆಯನ್ನು ಒಳಗೆ ತೆಗೆದುಕೊಳ್ಳುವುದು, ತುಸು ಹೊತ್ತು ತಿರುಗಿಸುವುದು, ಬಳಿಕ ‘ತಟ್ಟೆ ಇಲ್ಲ’ ಎಂದು ತೋರಿಸುವುದು. ದುರಸ್ತಿ ಮಾಡುವವರು ಬಿಚ್ಚಿ ನೋಡಿ, ಓದುವ ಕಣ್ಣು ಮಸುಕಾಗಿದೆ, ಅದರ ಬಿಡಿಭಾಗ ಎಲ್ಲಿಯೂ ಸಿಗದು ಎಂದರು. ಹೀಗೆ ತಟ್ಟೆಗಳೆಲ್ಲ ಹೊಳೆಯುತ್ತ ಉಳಿದವು, ಕೇಳುವ ದಾರಿ ಮುಚ್ಚಿತು. ಮನೆಯಲ್ಲಿ ಅಣ್ಣನ ಮಗನ ಗಣಕಯಂತ್ರವೊಂದಿತ್ತು. “ಚಿಕ್ಕಪ್ಪ, ಇದರಲ್ಲಿ ಹಾಕಿದರೆ ಆಯಿತಲ್ಲ” ಎಂದು ಅವನು ಹೇಳಿದ ಆ ಒಂದು ಮಾತಿನಿಂದ ನಮ್ಮ ಹೆಣಗಾಟ ಮೊದಲಾಯಿತು.

ಸುತ್ತುನಾದವೆಂದರೇನು? ನಮ್ಮ ಸೀಮೆಯವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಜಾತ್ರೆಯಲ್ಲಿ ಬಲಿ ಹೊರಟಾಗ ಗುಡಿಯ ಎದುರು ಕಣ್ಣು ಮುಚ್ಚಿ ನಿಂತುಕೊಳ್ಳಿರಿ. ಚೆಂಡೆಯ ಸದ್ದು ಎಡಕ್ಕೆ ಸರಿದು, ಗುಡಿಯ ಹಿಂದೆ ಮಂದವಾಗಿ, ಬಲಗಡೆಯಿಂದ ಮತ್ತೆ ಮೇಲೇಳುವುದು. ಬೆನ್ನ ಹಿಂದೆ ಜನರ ಗುಜುಗುಜು. ಅದರಾಚೆ ಸಂತೆಯ ಪೀಪಿಯ ಸದ್ದು. ಎರಡು ಸ್ಪೀಕರುಗಳ ಸ್ಟೀರಿಯೋ ಇಷ್ಟನ್ನು ಹೇಳಲಾರದು. ಎಡಬಲಗಳ ನಡುವಣ ಒಂದು ಗೆರೆಯ ಮೇಲೆ ಅದು ನಾದವನ್ನು ಹರವಬಲ್ಲುದು, ಅಷ್ಟೆ. ಕೇಳುವವನನ್ನು ನಡುವೆ ಕೂರಿಸಿ ಸುತ್ತಲೂ ಹಾಡುವ ಯೋಚನೆಯಾದರೋ ಬಹು ಹಳೆಯದು. ೧೬ನೆಯ ಶತಮಾನದಲ್ಲಿಯೇ ವೆನಿಸ್ಸಿನ ಸಂತ ಮಾರ್ಕನ ದೇವಾಲಯದಲ್ಲಿ ಗಾಯಕರನ್ನು ಬೇರೆ ಬೇರೆ ಕಡೆಗಳಲ್ಲಿ ನಿಲ್ಲಿಸಿ ಹಾಡಿಸುತ್ತಿದ್ದರು. ಇಂಗ್ಲೆಂಡಿನ ಥಾಮಸ್ ಟ್ಯಾಲಿಸನು ಐದೈದು ಕಂಠಗಳ ಎಂಟು ತಂಡಗಳಿಗೆ, ಒಟ್ಟು ೪೦ ಕಂಠಗಳಿಗೆ, ಒಂದು ಕೃತಿಯನ್ನೇ ರಚಿಸಿದನು. ಅದನ್ನು ಎರಡು ಸ್ಪೀಕರುಗಳಿಂದ ಕೇಳುವುದೆಂದರೆ ತೇರನ್ನು ಕಿಟಕಿಯ ಸಂದಿನಿಂದ ನೋಡಿದಂತೆ.

ಮುದ್ರಿಸುವವರು ಇದನ್ನು ಅರಿಯದವರಲ್ಲ. ಅಮೆರಿಕದ ಆರ್‌ಸಿಎ ಸಂಸ್ಥೆಯವರು ೧೯೫೦ರ ದಶಕದಲ್ಲಿಯೇ ಅನೇಕ ವಾದ್ಯಮೇಳಗಳನ್ನು ಮೂರು ದಾರಿಗಳ ಟೇಪಿನ ಮೇಲೆ ಹಿಡಿದಿಟ್ಟರು. ಆದರೆ ಗ್ರಾಮಫೋನ್ ತಟ್ಟೆಯ ಗೆರೆಯಲ್ಲಿ ಎರಡಕ್ಕೆ ಮಾತ್ರ ಎಡೆಯಿತ್ತು. ನಡುವಿನ ದಾರಿಯನ್ನು ಎಡಬಲಗಳಿಗೆ ಹಂಚಿ ಮಾರಿದರು. ಆ ಮೂರನೆಯ ದಾರಿ ಬೇರೆಯಾಗಿಯೇ ಮನೆಗಳಿಗೆ ತಲಪಿದ್ದು ೨೦೦೪ರಿಂದೀಚೆಗೆ, ನಾವು ಈಗ ಹೇಳಹೊರಟಿರುವ ತಟ್ಟೆಗಳ ಮೂಲಕ. ೧೯೭೦ರ ದಶಕದಲ್ಲಿ ನಾಲ್ಕು ಸ್ಪೀಕರುಗಳ ‘ಕ್ವಾಡ್ರಾಫೋನಿಕ್’ ಪದ್ಧತಿ ಬಂದಿತು. ಒಬ್ಬರ ತಟ್ಟೆ ಇನ್ನೊಬ್ಬರ ಯಂತ್ರಕ್ಕೆ ಹೊಂದದಂತೆ ಕಂಪನಿಗಳು ಪೈಪೋಟಿ ನಡೆಸಿದವು. ಕೊಳ್ಳುವವನು ಬೇಸತ್ತು ಎರಡಕ್ಕೇ ಹಿಂದಿರುಗಿದನು. ೧೯೮೨ರಲ್ಲಿ ಬಂದ ಸಿಡಿಯೂ ಎರಡನ್ನೇ ಖಾಯಂ ಮಾಡಿತು.

ಇನ್ನು ಅಣ್ಣನ ಪೆಟ್ಟಿಗೆ. ತಟ್ಟೆಗಳೆಲ್ಲ ೧೨ ಸೆಂಟಿಮೀಟರ್ ಅಗಲದವು. ನೋಡಲು ಒಂದೇ ಬಗೆ. ಹಾಕಿ ನೋಡಿದ ಮೇಲೆ ಮೂರು ಜಾತಿಗಳೆಂದು ತಿಳಿಯಿತು.

ಮೊದಲನೆಯ ಜಾತಿಯ ತಟ್ಟೆಯನ್ನು ಗಣಕಕ್ಕೆ ಹಾಕಿದೊಡನೆ ತಗಡಿನ ಮಾಡಿನ ಮೇಲೆ ಆಷಾಢದ ಮಳೆ ಸುರಿದಂತೆ ಭೋರೆಂಬ ಸದ್ದು. ಹುಡುಗನು ಸ್ಪೀಕರುಗಳು ಒಡೆದುವೆಂದೇ ಹೆದರಿ ತಂತಿ ಕಿತ್ತನು. ಇದು ೧೯೯೦ರ ದಶಕದ ಡಿಟಿಎಸ್ ತಟ್ಟೆ. ಸಿಡಿಯಲ್ಲಿ ಸೆಕೆಂಡಿಗೆ ೧೪,೧೧,೨೦೦ ಬಿಟ್‌ಗಳಿಗೆ ಸ್ಥಳವುಂಟು. ಸಾಮಾನ್ಯವಾಗಿ ಅದನ್ನು ಎರಡು ದಾರಿಗಳ ನಾದ ತುಂಬಿರುವುದು. ಇಲ್ಲಿ ಅದೇ ಸ್ಥಳದಲ್ಲಿ ಐದು ದಾರಿಗಳನ್ನೂ ಮಂದ್ರಕ್ಕಾಗಿ ಇನ್ನೊಂದನ್ನೂ ಅದುಮಿ ಮಡಿಚಿಟ್ಟಿದ್ದಾರೆ. ಮಡಿಕೆಯನ್ನು ಬಿಡಿಸದೆ ನುಡಿಸಿದರೆ ಮಳೆಯ ಸದ್ದಲ್ಲದೆ ಇನ್ನೇನು ಬಂದೀತು? ತಟ್ಟೆಯ ಅಂಕಿಗಳಲ್ಲಿ ಒಂದನ್ನೂ ಬದಲಿಸದೆ ಗಣಕಕ್ಕೆ ಇಳಿಸಿಕೊಂಡು, ಡಿಟಿಎಸ್ ಬಿಡಿಸಬಲ್ಲ ತಂತ್ರಾಂಶದಲ್ಲಿ ತೆರೆದೆವು, ಸಂಗೀತ ಹೊರಬಂದಿತು. ಈ ಜಾತಿಗೆ ಇಷ್ಟೇ ಸಾಕು.

ಎರಡನೆಯದು ಡಿವಿಡಿ-ಆಡಿಯೋ, ೨೦೦೦ದಲ್ಲಿ ಮಾರುಕಟ್ಟೆಗೆ ಬಂದುದು. ಇದು ನಮ್ಮನ್ನು ಉಪಾಯವಾಗಿ ಮೋಸಗೊಳಿಸಿತು. ಹಾಕಿದೊಡನೆ ಹಾಡಿತು, ಸುತ್ತಲಿಂದಲೂ ಹಾಡಿತು. ಎರಡು ತಿಂಗಳು ನಾವು ಸಂತುಷ್ಟರಾಗಿದ್ದೆವು. ಒಂದು ದಿನ ಹುಡುಗನು ಪರದೆಯ ಮೂಲೆಯಲ್ಲಿನ ಅಂಕಿಯನ್ನು ತೋರಿಸಿ, “ಚಿಕ್ಕಪ್ಪ, ಕವಚದ ಮೇಲೆ ೯೬ ಎಂದು ಬರೆದಿದೆ, ಇಲ್ಲಿ ೪೮ ಇದೆ” ಎಂದನು. ವಿಷಯವೇನೆಂದರೆ ಆ ತಟ್ಟೆಯೊಳಗೆ ಎರಡು ಕೋಣೆಗಳಿರುತ್ತವೆ. ಒಂದರಲ್ಲಿ ಸಾಮಾನ್ಯ ಡಿವಿಡಿ ಯಂತ್ರಗಳಿಗಾಗಿ ಸೋಸಿ ಕಡಮೆ ಮಾಡಿದ ನಾದ, ಇನ್ನೊಂದರಲ್ಲಿ ಮೂಲ ನಾದ. ಸಾಮಾನ್ಯ ತಂತ್ರಾಂಶವು ಮೊದಲನೆಯ ಬಾಗಿಲನ್ನೇ ತೆರೆಯುವುದು. ಕೇಳುವವನು ಮನೆ ಇಷ್ಟೇ ಎಂದುಕೊಳ್ಳುವನು.

ಆ ಒಳಕೋಣೆಯ ಲೆಕ್ಕವನ್ನು ಮೇಲಿನ ತರಗತಿಯ ಮಕ್ಕಳು ಮಾಡಿ ನೋಡಬಹುದು. ಸೆಕೆಂಡಿಗೆ ೯೬,೦೦೦ ಸಲ ಅಳೆದು, ಒಂದೊಂದು ಅಳತೆಯನ್ನು ೨೪ ಬಿಟ್‌ಗಳಲ್ಲಿ ಬರೆದು, ಆರು ದಾರಿಗಳಿಗೂ ಹೀಗೆಯೇ ಮಾಡಿದರೆ ಸೆಕೆಂಡಿಗೆ ೧,೩೮,೨೪,೦೦೦ ಬಿಟ್‌ಗಳಾಗುವುವು. ಆದರೆ ತಟ್ಟೆಯಿಂದ ಸೆಕೆಂಡಿಗೆ ಹರಿದುಬರಬಲ್ಲುದು ೯೬ ಲಕ್ಷ ಮಾತ್ರ. ಈ ಇಕ್ಕಟ್ಟಿಗೆ ಇಂಗ್ಲೆಂಡಿನ ಮೆರಿಡಿಯನ್ ಸಂಸ್ಥೆಯವರ ಮಡಿಕೆಯ ವಿಧಾನ ನೆರವಾಯಿತು. ಡಿಟಿಎಸ್ ತಟ್ಟೆಯಲ್ಲಿ ಅದುಮುವಾಗ ಒಂದಿಷ್ಟನ್ನು ಕಿತ್ತೆಸೆಯುತ್ತಾರೆ, ಇದರಲ್ಲಿ ಹಾಗಲ್ಲ. ಚಾಪೆಯನ್ನು ಸುರುಳಿ ಸುತ್ತಿದಂತೆ. ಬಿಡಿಸಿ ಹಾಸಿದಾಗ ಒಂದು ಎಳೆಯೂ ಕಡಮೆಯಾಗಿರದು. ‘ಫೂಬಾರ್’ ಎಂಬ ಉಚಿತ ತಂತ್ರಾಂಶಕ್ಕೆ ತಕ್ಕ ಜೋಡಣೆಯೊಂದನ್ನು ಸೇರಿಸಿ ಆ ಬಾಗಿಲನ್ನು ತೆರೆದೆವು.

ಮೂರನೆಯ ಜಾತಿಯೇ ನಮ್ಮನ್ನು ಸೋಲಿಸಿದ್ದು. ಇದರ ಹೆಸರು ಸೂಪರ್ ಆಡಿಯೋ ಸಿಡಿ. ಸೋನಿ ಮತ್ತು ಫಿಲಿಪ್ಸ್ ಸಂಸ್ಥೆಗಳು ೧೯೯೯ರಲ್ಲಿ ಹೊರತಂದುವು. ಪೆಟ್ಟಿಗೆಯಲ್ಲಿ ಹೆಚ್ಚಿನವು ಇವೇ. ಇದರ ಬರವಣಿಗೆಯ ರೀತಿಯೇ ಬೇರೆ: ಒಂದೇ ಬಿಟ್, ಆದರೆ ಸೆಕೆಂಡಿಗೆ ೨೮,೨೨,೪೦೦ ಸಲ, ಸಿಡಿಯ ವೇಗದ ಸರಿಯಾಗಿ ೬೪ ಮಡಿ. ಬಹುಮಟ್ಟಿಗೆ ಈ ತಟ್ಟೆಗಳಲ್ಲಿ ಎರಡು ಪದರಗಳಿರುತ್ತವೆ. ಮೇಲ್ಭಾಗದಲ್ಲಿ ಸಾಮಾನ್ಯ ಸಿಡಿಯ ಪದರ. ಅದಕ್ಕಿಂತ ಕೆಳಗೆ, ಸಿಡಿಯ ಬೆಳಕು ತೂರಿಹೋಗುವಂತೆ ಅರೆಪಾರದರ್ಶಕವಾದ ಇನ್ನೊಂದು ಪದರ. ಸುತ್ತುನಾದವಿರುವುದು ಇದರಲ್ಲಿ. ಗಣಕಕ್ಕೆ ಹಾಕಿದರೆ ಅದು ‘ಇದು ಸಿಡಿ’ ಎಂದು ನಮ್ರವಾಗಿ ಹೇಳಿ ಎರಡು ದಾರಿಗಳನ್ನು ನುಡಿಸುವುದು. ಇನ್ನೊಂದು ಪದರದ ಸುದ್ದಿಯೇ ಇಲ್ಲ. ಸ್ವಾರಸ್ಯವೇನೆಂದರೆ, ಗಣಕದಲ್ಲಿರುವ ಡಿವಿಡಿಯ ಬೆಳಕೂ ಆ ಪದರವನ್ನು ಓದುವ ಬೆಳಕೂ ಒಂದೇ, ೬೫೦ ನ್ಯಾನೋಮೀಟರಿನದು. ಬೆಳಕಿದೆ, ಬೀಗದ ಕೈ ಇಲ್ಲ. ತಟ್ಟೆಯ ಸೂಕ್ಷ್ಮ ಕುಳಿಗಳ ಅಗಲದ ಏರಿಳಿತದಲ್ಲಿಯೇ ಕೈಯನ್ನು ಬಚ್ಚಿಟ್ಟಿದ್ದಾರೆ. ಗಣಕದ ಡ್ರೈವು ಅದನ್ನು ಹುಡುಕಿ ಕೊಡದು.

ಹಣ ಕೊಟ್ಟು ಕೊಂಡ ತಟ್ಟೆ. ಮನೆಯವರೇ ಅದರ ಒಡೆಯರು. ಆದರೂ ಒಳಗಿರುವುದನ್ನು ಕೇಳಲು ಯಾವುದೋ ಯಂತ್ರದ ಅಪ್ಪಣೆ ಬೇಕು, ಆ ಯಂತ್ರವೋ ಸತ್ತಿದೆ. ಇದು ನಮಗೆ ನ್ಯಾಯವೆಂದು ತೋರಲಿಲ್ಲ. ಕದ್ದು ಹಂಚುವವರನ್ನು ತಡೆಯಲು ಬೀಗ ಬೇಕೆಂಬುದನ್ನು ಒಪ್ಪುತ್ತೇವೆ, ಹಾಡಿದವರಿಗೂ ಹೊಟ್ಟೆಯುಂಟು. ನಮ್ಮ ದೇಶದ ಕೃತಿಸ್ವಾಮ್ಯದ ಕಾನೂನಿಗೆ ೨೦೧೨ರಲ್ಲಿ ಆದ ತಿದ್ದುಪಡಿಯೂ ಸ್ವಾಮ್ಯವನ್ನು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗವನ್ನು ಮುರಿಯುವುದನ್ನು ಅಪರಾಧವೆನ್ನುವುದು. ಅಣ್ಣನ ತಟ್ಟೆಯನ್ನು ಅಣ್ಣನ ಚಾವಡಿಯಲ್ಲಿ ಕೇಳುವುದು ಆ ಉದ್ದೇಶವಲ್ಲವೆಂದು ನಾವು ನಮಗೆ ಹೇಳಿಕೊಂಡೆವು. ಒಂದು ನಿಯಮವನ್ನೂ ಹಾಕಿಕೊಂಡೆವು: ಇಳಿಸಿಕೊಂಡ ನಕಲು ಮನೆಯ ಹೊಸ್ತಿಲು ದಾಟಕೂಡದು, ತಟ್ಟೆಗಳನ್ನು ಎಂದೂ ಮಾರಕೂಡದು.

ಕೈ ಸಿಕ್ಕಿದ್ದು ವಿಚಿತ್ರವಾದ ಕಡೆಯಲ್ಲಿ. ೨೦೦೬ರಲ್ಲಿ ಬಂದ ಪ್ಲೇಸ್ಟೇಷನ್ ೩ ಎಂಬ ಆಟದ ಯಂತ್ರದ ಮೊದಮೊದಲ ಮಾದರಿಗಳು ಈ ತಟ್ಟೆಗಳನ್ನು ಓದುತ್ತಿದ್ದುವು; ಮುಂದಿನ ಮಾದರಿಗಳಿಂದ ಆ ಶಕ್ತಿಯನ್ನು ತೆಗೆದುಬಿಟ್ಟರು. ೨೦೧೧ರ ಹೊತ್ತಿಗೆ ಕೆಲವು ಚತುರರು, ಹಳೆಯ ಮಾದರಿಯ ಮೂಲಕ ಆ ಪದರವನ್ನು ಕಡತವಾಗಿ ಇಳಿಸಿಕೊಳ್ಳುವ ಬಗೆಯನ್ನು ಕಂಡುಹಿಡಿದರು. ಬಳಿಕ ಕೆಲವು ಬ್ಲೂರೇ ಪ್ಲೇಯರುಗಳಿಂದಲೂ ಇದು ಸಾಧ್ಯವೆಂದು ತಿಳಿದುಬಂದಿತು. ಹುಡುಗನ ಗೆಳೆಯನೊಬ್ಬನ ಮನೆಯ ಅಟ್ಟದಲ್ಲಿ ಅಂಥ ಹಳೆಯ ಯಂತ್ರವೊಂದು ಧೂಳು ಹಿಡಿದಿತ್ತು. ಮಕ್ಕಳ ಆಟದ ಸಾಮಾನನ್ನು ಎಸೆಯದೆ ಅಟ್ಟಕ್ಕೇರಿಸಿದ ಆ ತಾಯಿ ಈ ಸಭೆಯಲ್ಲಿಯೇ ಇದ್ದಾರೆ. ಅವರಿಗೆ ನಮ್ಮ ನಮಸ್ಕಾರಗಳು. ಸಂಜೆಗೆ ಮೂರು ನಾಲ್ಕು ತಟ್ಟೆಗಳಂತೆ ಎಲ್ಲವನ್ನೂ ಇಳಿಸಿದೆವು.

ಇಳಿಸಿದರೆ ಕೆಲಸ ಮುಗಿಯಲಿಲ್ಲ. ಒಂದು ಬಿಟ್ಟಿನ ಆ ಬರಹವನ್ನು ಹೆಚ್ಚಿನ ಗಣಕಗಳು ನೇರವಾಗಿ ನುಡಿಸಲಾರವು. ತಂತ್ರಾಂಶವು ಅದನ್ನು ಸಾಮಾನ್ಯ ಅಳತೆಗಳಿಗೆ ತರ್ಜುಮೆ ಮಾಡಬೇಕು. ಹಾಗೆ ಮಾಡುವಾಗ ೮೮,೨೦೦ ಅಥವಾ ೧,೭೬,೪೦೦ನ್ನು ಆರಿಸಿರಿ. ೨೮,೨೨,೪೦೦ನ್ನು ಇವು ಶೇಷವಿಲ್ಲದೆ ಭಾಗಿಸುತ್ತವೆ. ಆಮೇಲೆ ವಿಂಡೋಸಿನ ಅಧಿಕಪ್ರಸಂಗವೊಂದುಂಟು. ಎಲ್ಲ ಸದ್ದುಗಳನ್ನೂ ತನ್ನ ಒಂದೇ ಪಾತ್ರೆಯಲ್ಲಿ ಬೆರೆಸಿ, ತನಗೆ ತೋರಿದ ವೇಗಕ್ಕೆ ಬದಲಿಸಿ ಕಳುಹಿಸುವುದು ಅದರ ಸ್ವಭಾವ. ತಂತ್ರಾಂಶಕ್ಕೆ ಧ್ವನಿಯ ದಾರಿಯನ್ನು ‘ಏಕಸ್ವಾಮ್ಯ’ವಾಗಿ ಬಿಟ್ಟುಕೊಡುವಂತೆ ಹೇಳಿದರೆ ಸುಮ್ಮನಾಗುವುದು.

ಹೊರಗೆ ಹೋಗುವ ದಾರಿಯೂ ಮುಖ್ಯ. ಬೆಳಕಿನ ತಂತಿಯಲ್ಲಿ ಅದುಮದ ನಾದದ ಎರಡೇ ದಾರಿಗಳು ಸಾಗುವುವು. ಎಚ್‌ಡಿಎಂಐ ತಂತಿಯಲ್ಲಿ ಎಂಟು ಸಾಗುವುವು. ಅಣ್ಣನ ಹಳೆಯ ಆಂಪ್ಲಿಫೈಯರಿನಲ್ಲಿ ಅದಕ್ಕೆ ಬಾಯಿಯಿರಲಿಲ್ಲ. ಗಣಕದ ಹಿಂದಿನ ಬಣ್ಣದ ತೂತುಗಳಿಂದ ಮೂರು ತಂತಿಗಳನ್ನು ಎಳೆದೆವು. ಹಸುರು ಮುಂದಿನ ಜೋಡಿಗೆ, ಕಪ್ಪು ಹಿಂದಿನ ಜೋಡಿಗೆ, ಕಿತ್ತಳೆ ನಡುವಿಗೂ ಮಂದ್ರಕ್ಕೂ. ಸಂಜೆಯ ಮಬ್ಬಿನಲ್ಲಿ ಕಪ್ಪನ್ನೂ ಕಿತ್ತಳೆಯನ್ನೂ ಅದಲುಬದಲು ಮಾಡಿದವರು ನಾವೇ. ಪರಿಣಾಮವಾಗಿ ಗಾಯಕಿಯು ನಮ್ಮ ಎಡಬೆನ್ನಿನ ಹಿಂದೆ, ಅಡುಗೆಮನೆಯ ಬಾಗಿಲಲ್ಲಿ ನಿಂತು ಹಾಡಿದಳು. ಒಂದು ವಾರ ಇದನ್ನೇ ಹೊಸ ಕಲೆಯೆಂದು ಮೆಚ್ಚಿಕೊಂಡು ಕೇಳಿದೆವೆಂಬುದನ್ನು ಒಪ್ಪಿಕೊಳ್ಳದೆ ನಿರ್ವಾಹವಿಲ್ಲ. ಸ್ಪೀಕರುಗಳನ್ನು ಇಡಲು ಅಂತಾರಾಷ್ಟ್ರೀಯ ಶಿಫಾರಸೊಂದುಂಟು: ನಡುವಿನದು ನೇರ ಎದುರಿಗೆ, ಮುಂದಿನ ಎಡಬಲಗಳು ಅದರಿಂದ ೩೦ ಡಿಗ್ರಿಗೆ, ಹಿಂದಿನವು ಸುಮಾರು ೧೧೦ ಡಿಗ್ರಿಗೆ. ನಮ್ಮ ಚಾವಡಿಯಲ್ಲಿ ೧೧೦ ಡಿಗ್ರಿಗೆ ಸರಿಯಾಗಿ ಒಂದು ಮರದ ಕಂಬವಿದೆ. ಅಣ್ಣನವರು ಸ್ಪೀಕರನ್ನು ಆ ಕಂಬಕ್ಕೇ ಏಕೆ ಕಟ್ಟಿದ್ದರೆಂಬುದು ಅಂದು ಅರ್ಥವಾಯಿತು.

ಇಷ್ಟೆಲ್ಲ ಅಂಕಿಗಳ ಸೂಕ್ಷ್ಮತೆ ಕಿವಿಗೆ ತಿಳಿಯುವುದೇ ಎಂದು ಕೇಳುವಿರಿ. ಮನುಷ್ಯನ ಕಿವಿ ೨೦,೦೦೦ ಹರ್ಟ್ಸ್‌ನಾಚೆ ಕೇಳದು. ಸಿಡಿಯು ೨೨,೦೫೦ರ ವರೆಗೆ ಹಿಡಿಯುವುದು. ಮೆಯರ್ ಮತ್ತು ಮೊರಾನ್ ಎಂಬವರು ೨೦೦೭ರಲ್ಲಿ ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ಇಂಥ ತಟ್ಟೆಗಳ ನಾದವನ್ನು ನೇರವಾಗಿಯೂ, ಸಿಡಿಯ ಅಳತೆಗೆ ಇಳಿಸಿಯೂ ಕೇಳಿಸಿ ಗುರುತಿಸಲು ಹೇಳಿದರೆ, ೫೫೪ ಸಲಗಳಲ್ಲಿ ೨೭೬ ಸಲ ಉತ್ತರ ಸರಿಯಾಯಿತು. ನಾಣ್ಯ ಚಿಮ್ಮಿದ್ದರೂ ಅಷ್ಟೇ ಆಗುತ್ತಿತ್ತು. ೨೦೧೬ರಲ್ಲಿ ಜೋಶುವಾ ರೈಸ್ ಎಂಬವರು ಹಲವು ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿ, ಕಿರಿದಾದರೂ ಅಲ್ಲಗಳೆಯಲಾಗದ ವ್ಯತ್ಯಾಸವನ್ನು ಜನ ಗುರುತಿಸುತ್ತಾರೆಂದರು. ನಮ್ಮ ವಯಸ್ಸಿನ ಕಿವಿಗೆ ಆ ಜಗಳದಲ್ಲಿ ಪಾಲಿಲ್ಲ. ಆದರೆ ಎರಡು ದಾರಿಗೂ ಐದು ದಾರಿಗೂ ಇರುವ ವ್ಯತ್ಯಾಸವನ್ನು ತಿಳಿಯಲು ಪರೀಕ್ಷೆ ಬೇಡ. ಸುಮ್ಮನೆ ಕುಳಿತರೆ ಸಾಕು. ಸೂಕ್ಷ್ಮತೆಗಾಗಿ ಹಣ ಸುರಿಯುವವರಿಗೆ, ಅದನ್ನು ಇನ್ನೆರಡು ಸ್ಪೀಕರುಗಳಿಗೆ ಕೊಡಿರಿ ಎಂದು ಹೇಳುವೆವು.

ತಂತಿಗಳನ್ನು ಸರಿಪಡಿಸಿದ ದಿನ, ಅಣ್ಣನವರು ಬಹಳ ಸವೆಸಿದ್ದ ಕವಚವೊಂದನ್ನು ಆರಿಸಿದೆವು. ಪಿಂಕ್ ಫ್ಲಾಯ್ಡ್ ಎಂಬ ಇಂಗ್ಲಿಷ್ ತಂಡದ ೧೯೭೩ರ ಸಂಗೀತ; ಸುತ್ತುನಾದದಲ್ಲಿ ೨೦೦೩ರಲ್ಲಿ ಹೊರಬಂದುದು. ಅದರಲ್ಲಿ ಒಂದೆಡೆ ಹಲವು ಗಡಿಯಾರಗಳು ಒಮ್ಮೆಲೆ ಹೊಡೆಯುತ್ತವೆ. ಅವುಗಳ ಸದ್ದನ್ನು ಹಿಡಿದ ಅಲನ್ ಪಾರ್ಸನ್ಸರು ಅಂಗಡಿಯ ಗಡಿಯಾರಗಳನ್ನು ಒಂದೊಂದಾಗಿ ಮುದ್ರಿಸಿಕೊಂಡದ್ದು ನಾಲ್ಕು ಸ್ಪೀಕರುಗಳ ಪ್ರಯೋಗಕ್ಕಾಗಿಯೇ. ನಾವು ಆ ಎಡೆಯನ್ನು ಮರೆತಿದ್ದೆವು. ಗಂಟೆಗಳು ಚಾವಡಿಯ ನಾಲ್ಕು ಮೂಲೆಗಳಿಂದಲೂ ಹೊಡೆದಾಗ ಬೆಚ್ಚಿದೆವು. ಒಳಗಿನಿಂದ ಅತ್ತಿಗೆಯವರು ಕೈಯಲ್ಲಿ ಸೌಟಿನೊಡನೆ ಹೊರಬಂದು ಬಾಗಿಲಲ್ಲಿ ನಿಂತರು. “ಇದಕ್ಕೇ ನಾನು ಅವರಿಗೆ ಬೈಯುತ್ತಿದ್ದುದು. ಹಾಲು ಉಕ್ಕುವ ಹೊತ್ತಿಗೇ ಇದನ್ನು ಹಾಕುತ್ತಿದ್ದರು” ಎಂದರು. ಬಳಿಕ ಸೌಟನ್ನು ಮೇಜಿನ ಮೇಲಿಟ್ಟು ಅಣ್ಣನ ಕುರ್ಚಿಯಲ್ಲಿ ಕುಳಿತರು. ಅಷ್ಟು ವರ್ಷಗಳಲ್ಲಿ ಅವರು ಆ ಕುರ್ಚಿಯಲ್ಲಿ ಕುಳಿತುದನ್ನು ನಾವು ಕಂಡಿರಲಿಲ್ಲ. ತಟ್ಟೆ ಮುಗಿಯುವವರೆಗೆ ಏಳಲಿಲ್ಲ. ಹಾಲು ಉಕ್ಕಿತೆಂದು ಹೇಳಬೇಕಾಗಿಲ್ಲವಷ್ಟೆ.

ಇಂದು ಸಭೆ ಮುಗಿದ ಮೇಲೆ ಅವರ ಒಪ್ಪಿಗೆಯಿಂದ ಆ ಐದು ಸ್ಪೀಕರುಗಳನ್ನೂ ಗಣಕವನ್ನೂ ಶಾಲೆಯ ಮೇಲಂತಸ್ತಿನ ಕೊಠಡಿಯಲ್ಲಿ ಇರಿಸಿದ್ದೇವೆ. ತಟ್ಟೆಗಳೂ ಜತೆಯಲ್ಲಿವೆ, ಹೊಸ್ತಿಲಿನ ನಿಯಮವನ್ನು ಈ ಒಂದು ದಿನದ ಮಟ್ಟಿಗೆ ಸಡಿಲಿಸಿದ್ದೇವೆ, ರಾತ್ರಿ ಎಲ್ಲವೂ ಮನೆಗೆ ಮರಳುವುವು. ಒಮ್ಮೆಗೆ ಎಂಟು ಮಂದಿಗೆ ಎಡೆಯುಂಟು. ಮೊದಲು ಟ್ಯಾಲಿಸನ ೪೦ ಕಂಠಗಳು, ಆಮೇಲೆ ಗಡಿಯಾರಗಳು. ಮಕ್ಕಳು ಮುಂದೆ ನೆಲದ ಮೇಲೆ ಕುಳಿತುಕೊಳ್ಳಲಿ. ತಂತಿಗಳನ್ನು ತುಳಿಯಬೇಡಿರಿ, ಮುಖ್ಯವಾಗಿ ಕಪ್ಪನ್ನೂ ಕಿತ್ತಳೆಯನ್ನೂ. ನಡುವಿನ ಕುರ್ಚಿಯನ್ನು ಅತ್ತಿಗೆಯವರಿಗೆ ಬಿಟ್ಟುಕೊಡಬೇಕೆಂದು ವಿನಂತಿ.