ಲಾರಿಗೆ ಬದಲಿ ಡೀಸೆಲ್ ಎಂಜಿನ್: ಎಣ್ಣೆ-ನೀರಿನ ಖರ್ಚನ್ನು ಮೊದಲೇ ತೆಗೆದಿಡಿ



ಮಾಗಡಿ ರಸ್ತೆ ಮತ್ತು ಮೈಸೂರು ರಸ್ತೆಗಳು ಬೆಂಗಳೂರಿಗೆ ಪಡುವಣದ ಎರಡು ಬಾಗಿಲುಗಳಿದ್ದಂತೆ. ತಾವರೆಕೆರೆ, ಮಾಗಡಿ, ಬಿಡದಿ, ರಾಮನಗರದ ಕಡೆಯ ತರಕಾರಿ, ತೆಂಗಿನಕಾಯಿ, ಮಾವು ಈ ಬಾಗಿಲುಗಳ ಮೂಲಕವೇ ಕಲಾಸಿಪಾಳ್ಯಕ್ಕೂ ಯಶವಂತಪುರಕ್ಕೂ ಹೋಗಿ ಸೇರುತ್ತವೆ. ಬಾಡಿಗೆ ಕೊಟ್ಟು ಬೇಸತ್ತು, ಇಬ್ಬರು ಮೂವರು ಸೇರಿ ಹಳೆಯ ಚಿಕ್ಕ ಲಾರಿಯೊಂದನ್ನು ಇಟ್ಟುಕೊಂಡ ರೈತರು ಈ ಭಾಗದಲ್ಲಿ ಕಡಿಮೆಯೇನಲ್ಲ. ಅಂಥ ಲಾರಿಯ ಎಂಜಿನ್ ಒಂದು ದಿನ ಹೊಗೆ ಕಾರಲು ತೊಡಗುತ್ತದೆ, ಎಣ್ಣೆ ಕುಡಿಯುತ್ತದೆ, ಏರಿನಲ್ಲಿ ಎಳೆಯುವುದಿಲ್ಲ. ಕಾಮಾಕ್ಷಿಪಾಳ್ಯದಲ್ಲೋ ಕೆಂಗೇರಿಯಲ್ಲೋ ತೋರಿಸಿದಾಗ ಮೆಕ್ಯಾನಿಕ್ ಹೇಳುತ್ತಾನೆ: "ಇನ್ನು ಬೋರ್ ಮಾಡಿಸಿ ಪ್ರಯೋಜನ ಇಲ್ಲ ಯಜಮಾನ್ರೇ, ಬೇರೆ ಎಂಜಿನ್ ಕೂರಿಸಿಬಿಡಿ."

ಆಮೇಲೆ ಚೌಕಾಸಿ ನಡೆಯುವುದೆಲ್ಲ ಎಂಜಿನ್ನಿನ ಬೆಲೆಯ ಮೇಲೆ. ಇಳಿಸಿ ಏರಿಸುವ ಕೂಲಿಯ ಮೇಲೂ ಸ್ವಲ್ಪ ಮಾತಾಗುತ್ತದೆ. ಎಣ್ಣೆ-ನೀರಿನ ಮಾತನ್ನು ಯಾರೂ ಎತ್ತುವುದಿಲ್ಲ. ಎಂಜಿನ್ ಕೂರಿಸಿದ ದಿನ ಮೆಕ್ಯಾನಿಕ್ ಸಾಮಾನಿನ ಚೀಟಿ ಬರೆದು ಕೈಗೆ ಕೊಡುವ ಹೊತ್ತಿಗೆ ತಂದ ಹಣ ಮುಗಿದಿರುತ್ತದೆ. "ಸದ್ಯಕ್ಕೆ ಇಳಿಸಿದ ಎಣ್ಣೆಯನ್ನೇ ಸೋಸಿ ಹಾಕು, ಮುಂದಿನ ಬೆಳೆಗೆ ನೋಡೋಣ" ಎಂಬ ಮಾತು ಹೊರಡುವುದು ಆಗಲೇ. ಲಕ್ಷ ರೂಪಾಯಿಯ ಎಂಜಿನ್ ಕೆಡಲು ಈ ಒಂದು ಮಾತು ಸಾಕು. ಆದುದರಿಂದ ಎಂಜಿನ್ನಿಗೆ ಮುಂಗಡ ಕೊಡುವ ಮೊದಲೇ ದ್ರವಗಳ ಹಣವನ್ನು ಬೇರೆ ತೆಗೆದಿಡಬೇಕು. ಅದು ಇಲ್ಲವಾದರೆ ಎಂಜಿನ್ ಕೊಳ್ಳುವುದನ್ನು ಒಂದು ತಿಂಗಳು ಮುಂದೆ ಹಾಕುವುದೇ ಲೇಸು.

ಎಂಜಿನ್ ಬದಲಿಸುವ ಪದ್ಧತಿ ನಮ್ಮ ದೇಶಕ್ಕೆ ಹೊಸದಲ್ಲ. ಹಿಂದೆ ಪೆಟ್ರೋಲ್ ಲಾರಿಗಳು ಬಹಳವಿದ್ದವು. 1950ರ ದಶಕದಲ್ಲಿ ಮದ್ರಾಸಿನ ಸಿಂಪ್ಸನ್ ಕಂಪನಿ ಪರ್ಕಿನ್ಸ್ ಡೀಸೆಲ್ ಎಂಜಿನ್ನುಗಳನ್ನು ತಯಾರಿಸಲು ತೊಡಗಿತು. 1954ರಲ್ಲಿ ಟಾಟಾದವರು ಜರ್ಮನಿಯ ಡೈಮ್ಲರ್-ಬೆಂಜ್ ಕಂಪನಿಯೊಡನೆ ಸೇರಿ ಡೀಸೆಲ್ ಲಾರಿ ತಯಾರಿಕೆಗೆ ಇಳಿದರು. 1973ರಲ್ಲಿ ತೈಲದ ಬೆಲೆ ಒಮ್ಮೆಗೇ ಏರಿದ ಮೇಲಂತೂ ಪೆಟ್ರೋಲ್ ಎಂಜಿನ್ ಕಿತ್ತು ಡೀಸೆಲ್ ಎಂಜಿನ್ ಕೂರಿಸುವುದೇ ಜಾಣತನ ಎನಿಸಿತು. ಆಗ ಯಾವ ಗಾಡಿಗೆ ಯಾವ ಎಂಜಿನ್ ಎಂಬ ಭೇದವೂ ಅಷ್ಟಾಗಿ ಇರಲಿಲ್ಲ. ಬ್ರಾಕೆಟ್ ಬೆಸೆದು, ಷಾಫ್ಟ್ ಕತ್ತರಿಸಿ ಹೇಗೋ ಹೊಂದಿಸುತ್ತಿದ್ದರು.

ಈಗ ಹಾಗೆ ಮಾಡುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ ತಯಾರಕರು ಗೊತ್ತುಮಾಡಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಬಾರದು. ಕೆಟ್ಟ ಎಂಜಿನ್ನಿನ ಜಾಗಕ್ಕೆ ಅದೇ ತಯಾರಿಕೆಯ, ಅದೇ ಬಗೆಯ ಎಂಜಿನ್ ತರಬೇಕು, ಹೊಸ ಎಂಜಿನ್ ನಂಬರನ್ನು ಆರ್.ಸಿ. ಪುಸ್ತಕದಲ್ಲಿ ದಾಖಲು ಮಾಡಿಸಬೇಕು. ಕೆಎ-02ರ ಗಾಡಿಯವರು ರಾಜಾಜಿನಗರದ ಕಚೇರಿಯಲ್ಲಿ, ಕೆಎ-41ರವರು ಜ್ಞಾನಭಾರತಿ ಕಚೇರಿಯಲ್ಲಿ ಕೆಲಸಕ್ಕೆ ಕೈಹಾಕುವ ಮೊದಲೇ ವಿಚಾರಿಸಿಕೊಳ್ಳತಕ್ಕದ್ದು. ಗುಜರಿಯಿಂದ ತರುವ ಎಂಜಿನ್ನಿಗೆ ಮಾರಿದವರ ರಸೀದಿ ಇರಬೇಕು. ನಂಬರು ಉಜ್ಜಿಹಾಕಿದ್ದನ್ನು ಮುಟ್ಟಲೇಬಾರದು. ದಾಖಲೆಯಲ್ಲಿ ಒಂದು ನಂಬರು, ಗಾಡಿಯಲ್ಲಿ ಇನ್ನೊಂದು ಇದ್ದರೆ ಎಫ್.ಸಿ. ನಿಲ್ಲುತ್ತದೆ, ಅಪಘಾತವಾದಾಗ ವಿಮೆಯ ಹಣಕ್ಕೂ ತೊಡಕಾಗುತ್ತದೆ.

ಅದೇ ಬಗೆಯ ಎಂಜಿನ್ ಎಂದರೇನು ಎಂಬುದು ಸ್ವಲ್ಪ ತಿಳಿದಿರಲಿ. ಟಾಟಾ ಎಂಜಿನ್ನುಗಳ ಹೆಸರಿನಲ್ಲೇ ಅರ್ಧ ವಿವರ ಅಡಗಿದೆ. 497 ಎಂದರೆ 4 ಸಿಲಿಂಡರು, ಒಂದೊಂದರ ಅಡ್ಡಳತೆ 97 ಮಿಲಿಮೀಟರ್. 697 ಎಂದರೆ ಅದೇ ಅಡ್ಡಳತೆಯ 6 ಸಿಲಿಂಡರು. ಆದರೆ ಅಂಕಿ ಒಂದೇ ಆದ ಮಾತ್ರಕ್ಕೆ ಬಗೆ ಒಂದೇ ಆಗದು. ಟರ್ಬೋ ಇಲ್ಲದ ಗಾಡಿಗೆ ಟರ್ಬೋ ಇರುವ ಎಂಜಿನ್ ತಂದರೆ ರೇಡಿಯೇಟರಿನಿಂದ ಹಿಡಿದು ಎಣ್ಣೆಯ ದರ್ಜೆಯವರೆಗೆ ಲೆಕ್ಕವೆಲ್ಲ ಬದಲಾಗುತ್ತದೆ.

ಈಗ ಖರ್ಚಿನ ವಿಷಯಕ್ಕೆ ಬರಬಹುದು. ತಾವರೆಕೆರೆ ಕಡೆಯ ಒಬ್ಬ ರೈತರು 1 ಲಕ್ಷ ರೂಪಾಯಿಗೆ ರಿಪೇರಿಯಾದ 4 ಸಿಲಿಂಡರ್ ಎಂಜಿನ್ ತಂದರೆಂದೂ, ಲಾರಿ ವರ್ಷಕ್ಕೆ 10 ಸಾವಿರ ಕಿಲೋಮೀಟರ್ ಓಡುತ್ತದೆಂದೂ ಇಟ್ಟುಕೊಳ್ಳೋಣ. ಮುಂದಿನ ಅಳತೆ ಮತ್ತು ದರಗಳೆಲ್ಲ ಲೆಕ್ಕ ಕಲಿಯುವುದಕ್ಕಾಗಿ ಹಿಡಿದವು. ನಿಮ್ಮ ಗಾಡಿಯ ಕೈಪಿಡಿ ನೋಡಿ ಅಳತೆಯನ್ನೂ, ಜೆ.ಸಿ. ರಸ್ತೆಯ ಎರಡು ಅಂಗಡಿಗಳಲ್ಲಿ ಕೇಳಿ ದರವನ್ನೂ ತಿದ್ದಿಕೊಳ್ಳಬೇಕು.

ಎಂಜಿನ್ ಆಯಿಲ್ 8 ಲೀಟರ್ ಹಿಡಿಯುತ್ತದೆ, ದರ ಲೀಟರಿಗೆ 350 ರೂಪಾಯಿ ಎನ್ನೋಣ. ಕೂರಿಸಿದ ದಿನ ಒಂದು ಬಾರಿ ತುಂಬಿದರೆ 2,800 ರೂಪಾಯಿ. ಆಯಿಲ್ ಫಿಲ್ಟರ್ 400, ಡೀಸೆಲ್ ಫಿಲ್ಟರ್ 500, ಏರ್ ಫಿಲ್ಟರ್ 1,000. ಕೂಲೆಂಟ್ ಮತ್ತು ಬ್ಯಾಟರಿಗೆ ಹಾಕುವಂಥ ಶುದ್ಧ ನೀರು, ಮೊದಲು ತೊಳೆಯುವುದಕ್ಕೂ ಸೇರಿ, 1,600. ಎಂಜಿನ್ ಇಳಿಸಿದಾಗ ಗೇರ್‌ಬಾಕ್ಸ್ ಹೇಗೂ ಬಿಚ್ಚಿರುತ್ತದೆ. ಅದಕ್ಕೂ ಹಿಂದಿನ ಹೌಸಿಂಗಿಗೂ ಸೇರಿ 8 ಲೀಟರ್ ಗೇರ್ ಆಯಿಲ್, 2,800. ಬ್ರೇಕ್ ಮತ್ತು ಕ್ಲಚ್ ಆಯಿಲ್ 800, ಗ್ರೀಸ್ 400. ತೊಳೆಯಲು, ಗಾಳಿ ತೆಗೆಯಲು, ಪರೀಕ್ಷೆಗೆ ಓಡಿಸಲು 20 ಲೀಟರ್ ಡೀಸೆಲ್ ಬೇಕು. 90 ರೂಪಾಯಿಯಂತೆ 1,800. ಒಟ್ಟು 12,100 ರೂಪಾಯಿ ಅದೇ ದಿನ ಕೈಯಲ್ಲಿರಬೇಕು.

ಇಷ್ಟಕ್ಕೆ ಮುಗಿಯಿತೆಂದು ತಿಳಿಯುವುದು ಸಾಮಾನ್ಯವಾದ ತಪ್ಪು. ಹೊಸದಾಗಿ ಜೋಡಿಸಿದ ಎಂಜಿನ್ನಿನಲ್ಲಿ ರಿಂಗು, ಲೈನರು, ಬೇರಿಂಗುಗಳು ಒಂದಕ್ಕೊಂದು ಉಜ್ಜಿ ಹೊಂದಿಕೊಳ್ಳುವಾಗ ಲೋಹದ ಸಣ್ಣ ಪುಡಿ ಉದುರುತ್ತದೆ. ಅದು ಎಣ್ಣೆಯಲ್ಲೇ ಸುತ್ತುತ್ತಿರುತ್ತದೆ. ಆದುದರಿಂದ ಮೊದಲ ಎಣ್ಣೆಯನ್ನು, ಅದು ನೋಡಲು ಎಷ್ಟೇ ಚೆನ್ನಾಗಿರಲಿ, ಸುಮಾರು 1,000 ಕಿಲೋಮೀಟರಿಗೆ ಚೆಲ್ಲಲೇಬೇಕು. ರೈತರ ಮನಸ್ಸು ಒಪ್ಪದಿರುವುದು ಇಲ್ಲಿಯೇ. ಭತ್ತದ ಗದ್ದೆಯ ಮೊದಲ ಕಳೆಯನ್ನು ತಡಮಾಡಿ ಕಿತ್ತವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಆ ವರ್ಷದೊಳಗೆ ಇನ್ನೂ ಒಂದು ಸಲ ಎಣ್ಣೆ ಬದಲಿಸಬೇಕು. ಎರಡು ಬದಲಾವಣೆಗೆ 16 ಲೀಟರ್, ನಡುನಡುವೆ ಸೇರಿಸಲು 2 ಲೀಟರ್, 6,300 ರೂಪಾಯಿ. ಎರಡು ಆಯಿಲ್ ಫಿಲ್ಟರ್, ಒಂದು ಡೀಸೆಲ್ ಫಿಲ್ಟರ್, ಇನ್ನೊಂದಿಷ್ಟು ಗ್ರೀಸ್ ಸೇರಿ 1,700. ಒಟ್ಟು 8,000. ಮೊದಲಿನ 12,100ನ್ನು ಕೂಡಿಸಿದರೆ ವರ್ಷಕ್ಕೆ 20,100 ರೂಪಾಯಿ. ಎಂಜಿನ್ನಿನ ಬೆಲೆಯ ಐದರಲ್ಲಿ ಒಂದು ಪಾಲು! ಓಡಿಸುವ ಡೀಸೆಲ್ ಇದರಲ್ಲಿ ಸೇರಿಲ್ಲ. ಪಾಲುದಾರರಿದ್ದರೆ ಈ ಹಣವನ್ನು ಮೊದಲೇ ಹಂಚಿ ಎತ್ತಿ, ಒಬ್ಬರ ಹೆಸರಿನಲ್ಲಿ ಬ್ಯಾಂಕಿನಲ್ಲಿ ಇಡುವುದು ಒಳ್ಳೆಯದು. ಎಣ್ಣೆ ಬದಲಿಸುವ ದಿನ ಎಲ್ಲರ ಕೈಯಲ್ಲೂ ಒಮ್ಮೆಗೇ ಹಣವಿರುವುದು ಅಪರೂಪ.

ಇದರಲ್ಲಿ ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು? ಹಳೆಯ ಎಂಜಿನ್ನಿಗೆ ಅತಿ ದುಬಾರಿಯಾದ ಸಿಂಥೆಟಿಕ್ ಎಣ್ಣೆ ಬೇಕಾಗಿಲ್ಲ. ಕೈಪಿಡಿಯಲ್ಲಿ ಹೇಳಿದ ದರ್ಜೆಯ, ಸಾಮಾನ್ಯವಾಗಿ 15-ಡಬ್ಲ್ಯು-40 ಎಂಬ ಗುರುತಿನ, ಡೀಸೆಲ್ ಎಂಜಿನ್ನಿಗೆಂದೇ ಇರುವ ಎಣ್ಣೆ ಸಾಕು. ಮೊಹರಿರುವ ಡಬ್ಬಿಯನ್ನೇ ಕೊಳ್ಳಬೇಕು, ಬಿಡಿ ಎಣ್ಣೆ ಬೇಡ. ಗೇರ್ ಆಯಿಲ್ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಹಿಂದಿನ ಹೌಸಿಂಗಿಗೆ ಹೇಳಿದ ಜಿ.ಎಲ್-5 ದರ್ಜೆಯ ಎಣ್ಣೆಯನ್ನೇ ಗೇರ್‌ಬಾಕ್ಸಿಗೂ ಹುಯ್ದರೆ ಅದರಲ್ಲಿನ ಗಂಧಕದ ಅಂಶ ಕೆಲವು ಗೇರ್‌ಬಾಕ್ಸುಗಳ ಹಿತ್ತಾಳೆ ರಿಂಗುಗಳನ್ನು ತಿನ್ನುತ್ತದೆ. ಎರಡಕ್ಕೂ ಕೈಪಿಡಿ ಬೇರೆ ಬೇರೆ ದರ್ಜೆ ಹೇಳಿದ್ದರೆ ಎರಡು ಡಬ್ಬಿಯನ್ನೇ ತರಬೇಕು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುವಂಥದು. ತೆರೆದು ಮೂಲೆಯಲ್ಲಿಟ್ಟ ಡಬ್ಬಿಯದು ಕೆಲಸಕ್ಕೆ ಬಾರದು. ಅದರ ಬದಲು ಎಂಜಿನ್ ಆಯಿಲ್ ಹಾಕಿದರೆ ರಬ್ಬರ್ ಉಬ್ಬಿ ಬ್ರೇಕೇ ಹೋಗುತ್ತದೆ.

ಹೆಚ್ಚು ಎಂಜಿನ್ನುಗಳು ಹಾಳಾಗುವುದಕ್ಕೆ ನೀರು ದೊಡ್ಡ ಕಾರಣ. ನೀರಿಗೆ ದುಡ್ಡು ಕೊಡುವುದೇ ಎಂದು ರೇಡಿಯೇಟರಿಗೆ ಕೊಳವೆಬಾವಿಯ ನೀರು ತುಂಬಿಬಿಡುತ್ತಾರೆ. ಹನಿ ನೀರಾವರಿ ಮಾಡಿದವರು ಡ್ರಿಪ್ಪರಿನ ಬಾಯಲ್ಲಿ ಬಿಳಿಯ ಸುಣ್ಣ ಕಟ್ಟುವುದನ್ನು ಕಂಡಿದ್ದಾರೆ. ಗಡಸು ನೀರು ಬಿಸಿಲಿಗೆ ಅಷ್ಟು ಕಟ್ಟುವುದಾದರೆ, ಕುದಿಯುವ ಮಟ್ಟಕ್ಕೆ ಕಾಯುವ ಎಂಜಿನ್ನಿನೊಳಗೆ ಎಷ್ಟು ಕಟ್ಟೀತು ಎಂಬುದನ್ನು ಊಹಿಸಿಕೊಳ್ಳಬಹುದು. ಆ ಪದರದ ಮೂಲಕ ಶಾಖ ಹೊರಬರುವುದಿಲ್ಲ, ಹೆಡ್ ಬಿರಿಯುತ್ತದೆ. ನಮ್ಮಲ್ಲಿ ಹಿಮ ಬೀಳುವುದಿಲ್ಲ, ಕೂಲೆಂಟ್ ಯಾಕೆ ಎಂದು ಕೇಳುವವರೂ ಇದ್ದಾರೆ. ಕೂಲೆಂಟ್ ತುಕ್ಕನ್ನೂ ತಡೆಯುತ್ತದೆ. ನೀರು ನೇರವಾಗಿ ತಾಗುವ ಲೈನರಿನಲ್ಲಿ ಅದುರುವಿಕೆಯಿಂದ ಸಣ್ಣ ಗುಳ್ಳೆಗಳು ಒಡೆದು ಸೂಜಿಮೊನೆಯಷ್ಟು ತೂತುಗಳಾಗುವುದನ್ನೂ ತಡೆಯುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ತೆರೆದ ನೀರು ಇಲ್ಲಿ ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಕುಕ್ಕರಿನ ವೆಯ್ಟ್ ಇದ್ದಂತೆ ರೇಡಿಯೇಟರಿನ ಮುಚ್ಚಳ ಒತ್ತಡ ಹಿಡಿದು ಈ ಕುದಿಬಿಂದುವನ್ನು ಮೇಲೇರಿಸುತ್ತದೆ. ಸಡಿಲಾದ ಹಳೆಯ ಮುಚ್ಚಳವನ್ನೇ ಹೊಸ ಎಂಜಿನ್ನಿಗೆ ಹಾಕುವುದು ಕೆಲವು ನೂರು ರೂಪಾಯಿಗೆ ಎಂಜಿನ್ ಒತ್ತೆಯಿಟ್ಟಂತೆ. ಬೇರೆ ಬೇರೆ ಬಣ್ಣದ ಕೂಲೆಂಟುಗಳನ್ನು ಬೆರೆಸಬಾರದು.

ಎಂಜಿನ್ ಬದಲಿಸುವ ಬದಲು ಈಚಿನ ಸೆಕೆಂಡ್ ಹ್ಯಾಂಡ್ ಲಾರಿಯನ್ನೇ ಕೊಳ್ಳಬೇಕೆಂದು ಯೋಚಿಸುವವರು ಇನ್ನೊಂದು ದ್ರವವನ್ನು ಲೆಕ್ಕಕ್ಕೆ ಸೇರಿಸಬೇಕು. 2020ರ ಏಪ್ರಿಲಿನಿಂದ ಜಾರಿಗೆ ಬಂದ ಬಿಎಸ್-6 ನಿಯಮದ ಅನೇಕ ಡೀಸೆಲ್ ಲಾರಿಗಳಿಗೆ ಹೊಗೆ ಶುದ್ಧಿಗಾಗಿ ಯೂರಿಯಾ ದ್ರಾವಣ ಬೇಕು. ನೂರು ಲೀಟರ್ ಡೀಸೆಲಿಗೆ ಸುಮಾರು 3ರಿಂದ 6 ಲೀಟರ್ ಖರ್ಚಾಗುತ್ತದೆ. ಅದು ನೂರಕ್ಕೆ 32.5 ಭಾಗ ಯೂರಿಯಾ, ಉಳಿದದ್ದು ಶುದ್ಧ ನೀರು. ಇದನ್ನು ಕೇಳಿದ ಕೂಡಲೇ ಮನೆಯಲ್ಲಿರುವ ಯೂರಿಯಾ ಮೂಟೆಯ ನೆನಪಾಗುವುದು ಸಹಜ. ಆ ಕೆಲಸ ಖಂಡಿತ ಮಾಡಬಾರದು. 2015ರಿಂದ ಗೊಬ್ಬರದ ಯೂರಿಯಾಕ್ಕೆ ಬೇವಿನೆಣ್ಣೆ ಲೇಪಿಸುತ್ತಾರೆ. ಮಣ್ಣಿನಲ್ಲಿ ಸಾರಜನಕವನ್ನು ನಿಧಾನವಾಗಿ ಬಿಡಲು ಅದು ಬೇಕು, ಆದರೆ ಸೂಕ್ಷ್ಮವಾದ ನಳಿಕೆಗೆ ಅದೇ ಮಾರಕ. ಗೊಬ್ಬರದಲ್ಲಿ ಬೈಯುರೆಟ್ ಎಂಬ ಕಶ್ಮಲ ನೂರಕ್ಕೆ 1.5ರವರೆಗೆ ಇರಬಹುದು; ಲಾರಿಯ ದ್ರಾವಣದಲ್ಲಿ 0.3ಕ್ಕಿಂತ ಹೆಚ್ಚು ಇರುವಂತಿಲ್ಲ. ಹಾಳಾಗುವ ಭಾಗಗಳು ಬಹಳ ದುಬಾರಿ. ಸಾಲದ್ದಕ್ಕೆ, ರಿಯಾಯಿತಿಯ ಯೂರಿಯಾವನ್ನು ಬೆಳೆಗಲ್ಲದೆ ಬೇರೆ ಕೆಲಸಕ್ಕೆ ಬಳಸುವುದು 1985ರ ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಅಪರಾಧವೂ ಹೌದು.

ಇನ್ನು ಇಳಿಸಿದ ಎಣ್ಣೆಯ ಮಾತು. ಮೇಲಿನ ಲೆಕ್ಕದಂತೆ ಒಂದೇ ಲಾರಿಯಿಂದ ವರ್ಷಕ್ಕೆ 24 ಲೀಟರಿನಷ್ಟು ಕೆಟ್ಟ ಎಣ್ಣೆ ಹೊರಬರಬಹುದು. ಹಳೆಯ ಎಂಜಿನ್ನಿನದೂ ಅದರಲ್ಲಿ ಸೇರಿತು. ಇದನ್ನು ಬದುವಿನ ಕಳೆಗೆ ಸುರಿಯುವುದು, ತೆಂಗಿನ ಬುಡಕ್ಕೆ ಗೆದ್ದಲಿಗೆಂದು ಹಚ್ಚುವುದು ಇನ್ನೂ ಕೆಲವು ಕಡೆ ಉಂಟು. ಇದರಲ್ಲಿ ಲೋಹದ ಪುಡಿ, ಮಸಿ, ಸುಟ್ಟ ರಾಸಾಯನಿಕಗಳಿರುತ್ತವೆ. ಮಣ್ಣಿನಲ್ಲಿ ಗಾಳಿ ನೀರು ಆಡದಂತೆ ಕಟ್ಟುತ್ತದೆ. ಕಾರ್ಯಾಗಾರದಲ್ಲೇ ಬಿಟ್ಟು ಬಂದರೆ ತಮಗೇನು ಎನ್ನುವಂತೆಯೂ ಇಲ್ಲ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ಕಡೆಯ ಚರಂಡಿಗಳು ಹೋಗಿ ಸೇರುವುದು ವೃಷಭಾವತಿಗೆ. ಆ ನದಿ ಕೆಂಗೇರಿ ದಾಟಿ ಬಿಡದಿಯ ಬಳಿಯ ಭೈರಮಂಗಲ ಕೆರೆಗೆ ಹರಿಯುತ್ತದೆ, ಅಲ್ಲಿಂದ ರೈತರ ಗದ್ದೆಗೇ ಬರುತ್ತದೆ. ಊರಲ್ಲಿ ಚೆಲ್ಲಿದ ಎಣ್ಣೆ ಬಿಡದಿಯ ಹುಲ್ಲಿನಲ್ಲಿ, ಆ ಹುಲ್ಲು ಮೇಯುವ ಹಸುವಿನ ಮುಂದೆ ಮತ್ತೆ ಕಾಣಿಸಿಕೊಳ್ಳುತ್ತದೆ.

ಕೆಟ್ಟ ಎಣ್ಣೆಯನ್ನು ಅನುಮತಿ ಪಡೆದ ಮರುಶುದ್ಧೀಕರಣದವರಿಗೆ ಮಾತ್ರ ಕೊಡಬೇಕೆಂದು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಹೇಳುತ್ತವೆ. ಎಂಜಿನ್ ಕೂರಿಸಲು ಮಾತಾಡುವಾಗಲೇ "ಇಳಿಸಿದ ಎಣ್ಣೆ ಎಲ್ಲಿಗೆ ಹೋಗುತ್ತದೆ?" ಎಂದು ಮೆಕ್ಯಾನಿಕ್ಕನ್ನು ಕೇಳಿ. ಡ್ರಮ್ಮಿನಲ್ಲಿ ತುಂಬಿಸಿ ಕಳುಹಿಸುವ ಕಾರ್ಯಾಗಾರವಾದರೆ ಕೆಲಸ ಅಲ್ಲೇ ಮಾಡಿಸಬಹುದು. ಇಳಿಸುವಾಗ ಎದುರಿಗೆ ನಿಂತು ಎಣ್ಣೆಯ ಬಣ್ಣವನ್ನೂ ನೋಡಿಕೊಳ್ಳಿ. ಹಾಲು ಬೆರೆಸಿದ ಕಾಫಿಯಂತಿದ್ದರೆ ಎಣ್ಣೆಗೆ ನೀರು ಸೇರಿದೆ ಎಂದರ್ಥ. ಮೊದಲ 1,000 ಕಿಲೋಮೀಟರಿನ ಎಣ್ಣೆಯಲ್ಲಿಯೇ ಹಾಗೆ ಕಂಡರೆ ಗಾಡಿಯನ್ನು ಹೊರಗೆ ತೆಗೆಯದೆ, ಎಂಜಿನ್ ಮಾರಿದವರನ್ನು ಅಲ್ಲಿಗೇ ಕರೆಸಿ, ರಸೀದಿಯ ಜೊತೆ ಅವರ ಮುಂದೆಯೇ ಹೆಡ್ ಬಿಚ್ಚಿಸಬೇಕು.